ಗಿರಿಜಕ್ಕನ ಅಕ್ಷರಕ್ಕೆ ನಾನು ಕೊಟ್ಟ ಹೆಸರು

ಆ ಅಕ್ಷರಗಳನ್ನು ಬರೆದವರು ನನ್ನ ಗಂಡ ಅಲ್ಲ. ಬರೆದವಳು ಗಿರಿಜಕ್ಕ, ಗಂಡನ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮೊಮ್ಮಗಳ ಹತ್ತಿರ ಸುಳ್ಳು ಹೇಳಿದೆ. ಸುಳ್ಳು ಗಟ್ಟಿಯಾಗಿ ನಿಲ್ಲಲಿ ಎಂದು ಕತ್ತರಿಯನ್ನೂ ಹಿಡಿದೆ. ಮರೆವು, ವಯಸ್ಸು, ಗಡಿಬಿಡಿ — ಇದ್ಯಾವುದೂ ಅಲ್ಲ. ಹೊಟ್ಟೆಕಿಚ್ಚು.

ನಾನು ಮೂರನೇ ಕ್ಲಾಸಿನವರೆಗೆ ಕಲಿತವಳು. ಇದನ್ನು ನಾನೇ ಬರೆದೆ, ತಪ್ಪಿದ ಒತ್ತಕ್ಷರಗಳನ್ನು ಮಗ ತಿದ್ದಿದ. ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ. ಆದರೆ ಇಂಗ್ಲಿಷ್ ಅಕ್ಷರದ ಅಂಚಿನ ಮೇಲೆ ನನ್ನಷ್ಟು ನಡೆದವರು ಕಡಿಮೆ. ಕಾಲಿನಿಂದಲ್ಲ, ಸೂಜಿಯಿಂದ.

ನನ್ನ ಗಂಡ ವಾಸು ಡೊಂಬಿವಲಿಯಲ್ಲಿ ಬೋರ್ಡ್ ಪೇಂಟರ್ ಆಗಿದ್ದರು. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಊರ ಕಡೆಯ ಕನ್ನಡದವರ ಹೋಟೆಲುಗಳಿಗೆ ಹೆಚ್ಚಾಗಿ ಅವರದೇ ಬೋರ್ಡು. ಅವರ ಅಕ್ಷರಕ್ಕೆ ಕಾಲಿಲ್ಲ, ಬಾಲವಿಲ್ಲ, ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ. ಓಡುವ ಲೋಕಲ್ ರೈಲಿನಿಂದಲೂ ಓದಬಹುದು. ಉಳಿದ ಪೇಂಟರುಗಳು ಅದನ್ನು ‘ವಾಸು ಲೆಟರ್’ ಎಂದೇ ಕರೆಯುತ್ತಿದ್ದರು.

ಆ ವಾಸು ಲೆಟರ್ ಹುಟ್ಟುತ್ತಿದ್ದದ್ದು ನಮ್ಮ ಚಾಳಿನ ನೆಲದ ಮೇಲೆ. ಮಕ್ಕಳು ಶಾಲೆಗೆ, ಭಾವ ಹೋಟೆಲಿನ ಡ್ಯೂಟಿಗೆ ಹೋದ ಮೇಲೆ ಗಿರಿಜಕ್ಕ ಕಂದು ಕಾಗದ ಹಾಸಿ ಪೆನ್ಸಿಲಿನಲ್ಲಿ ಅಕ್ಷರ ಬರೆಯುತ್ತಿದ್ದಳು. ಅವಳು ಮೆಟ್ರಿಕ್ ಆದವಳು. ಆ ಗೆರೆಯ ಮೇಲೆ ನಾನು ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚುತ್ತಿದ್ದೆ. ಆ ತೂತಿನ ಕಾಗದಕ್ಕೆ ಖಾಕಾ ಎನ್ನುತ್ತಾರೆ. ಅದನ್ನು ಬೋರ್ಡಿನ ಮೇಲಿಟ್ಟು ಸುಣ್ಣದ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಇಳಿಯುತ್ತದೆ. ಆಮೇಲೆ ಇವರು ಬಣ್ಣ ತುಂಬುತ್ತಿದ್ದರು. ಹೆಂಗಸೊಬ್ಬಳು ಬರೆದದ್ದು ಎಂದರೆ ಯಾರು ಆರ್ಡರ್ ಕೊಡುತ್ತಿದ್ದರು? ಭಾವನಿಗೆ ಗೊತ್ತಾದರೆ ಮನೆಯಲ್ಲಿ ರಂಪ. ಹಾಗಾಗಿ ಸಂಜೆಯೊಳಗೆ ಕಾಗದವೆಲ್ಲ ಸುರುಳಿಯಾಗಿ ಮಂಚದ ಕೆಳಗೆ. ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ — ಅವರಿಬ್ಬರ ನಡುವೆ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಇದ್ದದ್ದು ಬೇರೆ. “ಅತ್ತಿಗೆ, ಈ ಆರ್‌ನ ಓರೆಗೆರೆ ನೋಡಿ, ಎಂತ ಚಂದ ಬಂದಿದೆ!” ಎಂದು ಇವರು ಕಾಗದದ ಮೇಲೆ ಬಾಗುತ್ತಿದ್ದರು. ಎರಡು ತಲೆ ಒಂದು ಅಕ್ಷರದ ಮೇಲೆ. ನನಗೆ ಹೇಳುತ್ತಿದ್ದದ್ದು ಒಂದೇ: “ಕುಸುಮಾ, ತೂತು ದೊಡ್ಡ ಮಾಡ್ಬೇಡ.” ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಯಾವುದನ್ನೂ ಅವರು ಆ ದನಿಯಲ್ಲಿ — ಇರಲಿ.

ಒಂದು ಮಧ್ಯಾಹ್ನ ಠಾಣೆಯ ಒಂದು ಹೋಟೆಲಿನ ಖಾಕಾ ನನ್ನ ಕೈಯಲ್ಲಿತ್ತು. ಹಾವಿನ ಹಾಗಿರುವ ಎಸ್ ಅಕ್ಷರ. ಅದರ ಕೆಳಹೊಟ್ಟೆಯ ಹತ್ತಿರ ಸೂಜಿಯನ್ನು ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಆಚೆ ಸರಿಸಿದೆ. ಕೈ ಜಾರಿದ್ದಲ್ಲ. ಅವಳ ಅಕ್ಷರ ಕೆಡಲಿ, ಇವರು ಅವಳಿಗೆ ಒಂದು ಸಲವಾದರೂ ಬಯ್ಯಲಿ ಎಂದು.

ಬೋರ್ಡ್ ಮುಗಿಸಿ ಬಂದು ಇವರು, “ಅತ್ತಿಗೆ, ಎಸ್‌ನ ಹೊಟ್ಟೆ ಸ್ವಲ್ಪ ಜೋತು ಬಿತ್ತಲ್ಲ” ಎಂದರು. ಗಿರಿಜಕ್ಕ ಖಾಕಾವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. “ನಂದೇ ತಪ್ಪು ವಾಸು” ಎಂದಳು.

ನನ್ನ ಗ್ರಹಚಾರ ನೋಡಿ. ಹೋಟೆಲಿನ ಮಾಲಕರಿಗೆ ಅದೇ ಇಷ್ಟವಾಯಿತು. “ಉಂಡವನ ಹೊಟ್ಟೆಯ ಹಾಗೆ ಉಂಟು ಮಾರಾಯ, ಹೋಟೆಲಿಗೆ ಇದೇ ಸರಿ” ಎಂದರಂತೆ. ನಂತರ ಬಂದವರೆಲ್ಲ ಅದೇ ಬೇಕು ಎಂದರು. ವಿಠ್ಠಲವಾಡಿಯಿಂದ ರಬಾಳೆಯವರೆಗೆ ಆ ಹೊಟ್ಟೆ ಹರಡಿತು. ವಾಸು ಲೆಟರನ್ನು ಜನ ಗುರುತಿಸುತ್ತಿದ್ದದ್ದೇ ಆ ಎಸ್‌ನಿಂದ.

ಫ್ಲೆಕ್ಸ್ ಬ್ಯಾನರು ಬಂದ ಮೇಲೆ ಕುಂಚದ ಕೆಲಸ ನಿಂತಿತು. ಭಾವ ತೀರಿಕೊಂಡರು, ಎರಡು ವರ್ಷಕ್ಕೆ ಇವರೂ ಹೋದರು. ಗಿರಿಜಕ್ಕ ಮಗನ ಜೊತೆ ಕಳಂಬೋಲಿಗೆ ಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಮಗನ ಮಗಳು ಶ್ರೇಯಾ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಅಕ್ಷರ ಮಾಡುವುದನ್ನೇ — ಕಂಪ್ಯೂಟರಿನಲ್ಲಿ ಫಾಂಟ್ ಅಂತಾರಲ್ಲ, ಅದನ್ನು — ಕಲಿಯಲು ಸೇರಿದಳು. ಹುಟ್ಟಿದ್ದು ಇಲ್ಲೇ, ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಅರ್ಧ ಮರಾಠಿ, ಓದಲು ಬಾರದು. ಅಜ್ಜನ ಬೋರ್ಡುಗಳ ಫೋಟೋ ತೆಗೆದುಕೊಂಡು ಬಂದು, “ಅಜ್ಜಿ, ಇದಕ್ಕೆ ನಾನು ಕಾಲು ಹಾಕ್ತೇನೆ” ಎಂದಳು.

“ನಿಂತದ್ದಕ್ಕೆ ಮತ್ತೆಂತಕ್ಕೆ ಕಾಲು?”

“ಅರೇ, ಬೋರ್ಡಿಗೆ ಬೇಡ, ಪುಸ್ತಕಕ್ಕೆ ಬೇಕು. ಸಾಲಲ್ಲಿ ಓದುವಾಗ ಕಣ್ಣು ಹಿಡ್ಕೊಂಡು ಹೋಗ್ಲಿಕ್ಕೆ. ಸೆರಿಫ್ ಅಂತಾರೆ.”

ಅದು ಸುಲಭದ ಕೆಲಸವಲ್ಲ ಎಂದು ನೋಡುತ್ತಾ ನೋಡುತ್ತಾ ನನಗೂ ಗೊತ್ತಾಯಿತು. ಒಂದೇ ದಪ್ಪದ ಗೆರೆಗೆ ಪಾದ ಅಂಟಿಸಿದರೆ ಗಂಬೂಟು ಹಾಕಿದ ಹಾಗೆ ಕಾಣುತ್ತಿತ್ತು. ಅಡ್ಡಗೆರೆ ತೆಳು ಮಾಡಬೇಕು, ನಿಂತ ಗೆರೆ ಉಳಿಸಬೇಕು, ಪಾದಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಜಾಗ ಬಿಡಬೇಕು. ಹುಡುಗಿ ತಿಂಗಳುಗಟ್ಟಲೆ ಕೂತಳು. ಎಸ್‌ನ ಹೊಟ್ಟೆಯನ್ನು ಮಾತ್ರ ಮುಟ್ಟಲಿಲ್ಲ. “ಎಲುಬು ಅಜ್ಜನದು, ಬಟ್ಟೆ ನಂದು” ಎನ್ನುತ್ತಿದ್ದಳು. ಒಂದು ದಿನ ಕೇಳಿದಳು: “ಅಜ್ಜಿ, ಸಾಂಗ್ ನಾ, ಹೇಳು, ಇದನ್ನೆಲ್ಲ ಅಜ್ಜ ಒಬ್ಬರೇ ಡ್ರಾ ಮಾಡಿದ್ದು ನಾ? ಹಳೇ ಕಾಗದ ಏನಾದ್ರೂ ಉಂಟಾ?”

ಆಗ ಬಾಯಿ ತೆರೆಯಬಹುದಿತ್ತು. ಕಣ್ಣ ಮುಂದೆ ಏನು ಬಂತು ಗೊತ್ತೇ? ಗಿರಿಜಕ್ಕನ ಹೆಸರು ಹೇಳಿದರೆ ನಾಳೆಯೇ ಈ ಹುಡುಗಿ ಕಳಂಬೋಲಿಗೆ ಓಡುತ್ತಾಳೆ. ಮತ್ತೆ ಎರಡು ತಲೆ ಒಂದು ಅಕ್ಷರದ ಮೇಲೆ. ನಾನು ಮತ್ತೆ ಆಚೆ ಕೂತು —

“ಅಜ್ಜನೇ, ಮತ್ಯಾರು?” ಎಂದೆ.

ಮಂಚದ ಕೆಳಗೆ ಖಾಕಾಗಳಿದ್ದವು. ಅವುಗಳ ಮೂಲೆಯಲ್ಲಿ ಗಿರಿಜಕ್ಕ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿದ್ದಳು — ‘ವಾಸು, ಇಲ್ಲಿ ಕುಂಚ ತಿರುಗಿಸಬೇಡ’, ‘ಇದು ಎರಡು ನೂಲು ಎತ್ತರ’ ಅಂತ. ಶ್ರೇಯಾಳಿಗೆ ಓದಲಾಗದು, ಅವಳಪ್ಪನಿಗೆ ಆಗುತ್ತದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಎಲ್ಲ ಮೂಲೆ ಕತ್ತರಿಸಿ ಒಲೆಗೆ ಹಾಕಿದೆ. ಉಳಿದದ್ದನ್ನು ಹುಡುಗಿಗೆ ಕೊಟ್ಟೆ, ಮೂಲೆ ಎಲ್ಲಿ ಎಂದು ಕೇಳಿದ್ದಕ್ಕೆ “ಇಲಿ ತಿಂದಿದೆ” ಎಂದೆ. ಇಲಿ ಅಷ್ಟು ನೆಟ್ಟಗೆ ತಿನ್ನುವುದಿಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಅಜ್ಜಿಯ ಮೇಲೆ ನಂಬಿಕೆ.

ಅಕ್ಷರ ಮುಗಿಯಿತು. ಹೆಸರು ‘ವಾಸು’. ಕಾಲೇಜಿನಲ್ಲಿ ಗೋಡೆ ತುಂಬ ತೂಗುಹಾಕಿದರು. ಮನೆಯ ಹಿರಿಯಳೆಂದು ಮಗ ಗಿರಿಜಕ್ಕನನ್ನೂ ಕರೆತಂದಿದ್ದ. ಎಲ್ಲರ ಎದುರು ಶ್ರೇಯಾ, “ಇದರ ಮೂಲ ನನ್ನ ಅಜ್ಜನ ಕೈ” ಎಂದಳು. ಚಪ್ಪಾಳೆ. ಗಿರಿಜಕ್ಕನೂ ತಟ್ಟಿದಳು. ಶ್ರೇಯಾಳ ಗಲ್ಲ ಹಿಡಿದು, “ಚಂದ ಮಾಡಿದ್ದಿ ಮಗಾ. ಕಾಲು ಹಾಕಿದ ಮೇಲೆ ಸರಿ ಕೂತ್ಕೊಂಡಿತು” ಎಂದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಎಸ್ ಮೇಲೆ ಬೆರಳಾಡಿಸುತ್ತಾ, ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಇದನ್ನು ನಾನು ಹೀಗೆ ಬರ್ದಿರ್ಲಿಲ್ಲ ಕುಸುಮಾ.”

ಅಷ್ಟೇ. ಜ್ಯೂಸು ತರುತ್ತೇನೆ ಎಂದು ಅಲ್ಲಿಂದ ಜಾರಿಕೊಂಡೆ.

ಅದಾಗಿ ಆರು ವರ್ಷ. ಅಕ್ಷರ ಪುಸ್ತಕಗಳಲ್ಲೆಲ್ಲ ಓಡಾಡಿತು. ಕಳೆದ ತಿಂಗಳು ಶ್ರೇಯಾ ಅದಕ್ಕೆ ಜೋಡಿಯಾಗಿ ಇನ್ನೂ ದಪ್ಪದ ಅಕ್ಷರ ಮಾಡಲು ಕೂತು, ಎಲ್ಲೋ ಸಿಕ್ಕಿಕೊಂಡು ತಲೆ ಹಿಡಿದುಕೊಂಡಳು. “ಅಜ್ಜ ಇರ್ಬೇಕಿತ್ತು. ಅವರನ್ನೇ ಕೇಳ್ತಿದ್ದೆ.”

ಕೇಳಬೇಕಾದವಳು ಕಳಂಬೋಲಿಯಲ್ಲಿ ಕೂತಿದ್ದಾಳೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜಾಗುತ್ತಿದೆ. ಎಷ್ಟು ದಿನ ಕಾಣುತ್ತದೋ. ನಾನು ಹೆಸರನ್ನು ಮಾತ್ರ ಕದ್ದದ್ದಲ್ಲ, ಈ ಹುಡುಗಿಯ ಆರು ವರ್ಷವನ್ನೂ — ಹೇಳಿಬಿಟ್ಟೆ. ಎಸ್, ಸೂಜಿ, ಕತ್ತರಿ, ಎಲ್ಲ.

ಶ್ರೇಯಾ ಕಂಪ್ಯೂಟರು ಮುಚ್ಚಿ ನನ್ನ ಕಡೆ ತಿರುಗಿದಳು. “ಪಣ್ ಕಾ, ಅಜ್ಜಿ? ಯಾಕೆ?”

“ಹೊಟ್ಟೆಕಿಚ್ಚು.”

ಆ ಶಬ್ದ ಅವಳಿಗೆ ಗೊತ್ತಿರಲಿಲ್ಲ. “ಜಲನ್” ಎಂದು ಹಿಂದಿಯಲ್ಲಿ ಬಿಡಿಸಿ ಹೇಳಬೇಕಾಯಿತು. ಅವಳು ಎದ್ದು ಒಳಗೆ ಹೋದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸರಿಯೇ.

ಮೂರನೇ ದಿನ ಬಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಹಳೆಯ ಹೆಸರು ತೆಗೆದು ಹೊಸತು ಹಾಕಿದ್ದಳು. ಆರು ಇಂಗ್ಲಿಷ್ ಅಕ್ಷರ. ಓದಲು ಬಾರದಿದ್ದರೂ ಗಿರಿಜಕ್ಕನ ಹೆಸರೆಂದು ತಿಳಿಯಿತು. “ನೀನೂ ಮಾಡಿದ್ದಿಯಲ್ಲ ಕೆಲಸ, ನಿನ್ನ ಹೆಸರೂ ಕೆಳಗೆ ಹಾಕ್ಲಾ?” ಎಂದಳು. ಬೇಡ ಎಂದೆ.

ನಿಜ ಹೇಳುತ್ತೇನೆ: ಆ ಹೆಸರು ಅಷ್ಟು ಚಂದವಾಗಿ ತನ್ನ ಕಾಲ ಮೇಲೆ ನಿಂತದ್ದನ್ನು ಕಂಡಾಗಲೂ ನನ್ನೊಳಗೆ ಉರಿಯಿತು. ಈ ಭಾನುವಾರ ಶ್ರೇಯಾ ಕಳಂಬೋಲಿಗೆ ಹೋಗುತ್ತಾಳೆ. ನಾನೂ ಹೋಗುತ್ತೇನೆ. ಗಿರಿಜಕ್ಕನ ಮಗ, ಸೊಸೆ ಎಲ್ಲರ ಎದುರು ಹೇಳುತ್ತೇನೆ. ಆಮೇಲೆ ಅವರಿಬ್ಬರೂ ಅಕ್ಷರದ ಮೇಲೆ ಬಾಗುತ್ತಾರೆ. ನಾನು ಎದ್ದುಹೋಗದೆ ಅಲ್ಲೇ ಕೂತಿರುತ್ತೇನೆ. ಕಿಚ್ಚು ಆರಿದ ಮೇಲೆ ಹೋಗೋಣ ಎಂದು ಕಾಯುವುದಿಲ್ಲ. ಅದು ಆರುವುದಿಲ್ಲ.