ಇಜ್ಜತ್ತಿನ ಡಿಗ್ರಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸಂದರ್ಶನದ ದಿನ ಮಂಗಳವಾರವೋ ಬುಧವಾರವೋ ನನಗೆ ಖಾತ್ರಿಯಿಲ್ಲ. ಯಾರು ಯಾವ ಮಾತನ್ನು ಮೊದಲು ಆಡಿದರು ಎಂಬುದೂ ಅಷ್ಟೇ. ವಾಸನೆಯ ವಿಷಯದಲ್ಲಿ ಮಾತ್ರ ತಪ್ಪಿಲ್ಲ ಎಂದುಕೊಂಡಿದ್ದೇನೆ.

ಕಳೆದ ತಿಂಗಳು ಭಾಲ್ಕಿಯ ಬಜಾರಿನಲ್ಲಿ ರವಿಕೆಗೆ ಲೈನಿಂಗ್ ಬಟ್ಟೆ ಹುಡುಕುತ್ತ ಒಂದು ಮ್ಯಾಚಿಂಗ್ ಸೆಂಟರಿನ ಹಿಂದಿನ ಸಂದಿಗೆ ಹೋಗಿದ್ದೆ. ಅಲ್ಲೊಬ್ಬರು ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಸೀರೆಗೆ ಬಣ್ಣ ಹಾಕುತ್ತಿದ್ದರು. ಕುದಿಯುವ ಬಣ್ಣಕ್ಕೆ ಉಪ್ಪು ಬಿದ್ದಾಗ ಏಳುವ ಹಬೆ ಮೊದಲು ಮೂಗನ್ನು ಚುಚ್ಚುತ್ತದೆ, ಆಮೇಲೆ ಒದ್ದೆ ಬಟ್ಟೆಯ ವಾಸನೆಯಾಗಿ ಇಳಿಯುತ್ತದೆ. ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ಹಳೆಯ ಬೀದರಿನ ಆ ಅಂಗಳ, ತಂತಿಯ ಮೇಲೆ ಒಣಗುವ ದುಪಟ್ಟಾಗಳು, ಎಂದೂ ಒಂದೇ ಬಣ್ಣದಲ್ಲಿರದ ಖಾಲಾಳ ಬೆರಳುಗಳು...

ಖಾಲಾ ನಮ್ಮ ಮನೆಯ ಮಾಲಕಿ. ಆಕೆಯ ಅಂಗಳದ ಮೂಲೆಯ ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಗಂಡ ತೀರಿಕೊಂಡ ಮೇಲೆ ದುಪಟ್ಟಾ, ಸೀರೆಗಳಿಗೆ ಬಣ್ಣ ಹಾಕಿ, ಗಂಜಿ ಕೊಟ್ಟು ಮಗಳ ಮದುವೆ ಮಾಡಿದ್ದಳು. ದೂರದ ಕಮಲನಗರದಿಂದಲೂ ಹೆಂಗಸರು ಮಾಸಿದ ಸೀರೆಗಳ ಗಂಟು ತಂದು, ಮರಾಠಿಯಲ್ಲಿ ಚೌಕಾಸಿ ಮಾಡಿ, ಕನ್ನಡದಲ್ಲಿ ಬೈಸಿಕೊಂಡು ಹೋಗುತ್ತಿದ್ದರು.

ನನ್ನ ಅಪ್ಪ ಗೌಂಡಿ. ಔರಾದ ತಾಲ್ಲೂಕಿನ ಚಿಂತಾಕಿ ಕಡೆಯ ಹಳ್ಳಿ ನಮ್ಮದು. ನನ್ನ ಪಿಯುಸಿಗಾಗಿ ಬೀದರಿಗೆ ಬಂದಿದ್ದೆವು. ಬರ ಎಂದರೆ ಎಲ್ಲರೂ ಹೊಲದ ಮಾತಾಡುತ್ತಾರೆ. ಗೋಡೆ ಕಟ್ಟುವವನ ಮಾತು ಯಾರಿಗೂ ನೆನಪಾಗುವುದಿಲ್ಲ. ಕುಡಿಯಲಿಕ್ಕೇ ಟ್ಯಾಂಕರ್ ಕಾಯುವ ಊರಲ್ಲಿ ಸಿಮೆಂಟು ಕಲಸಲು ಯಾರು ನೀರು ಕೊಡುತ್ತಾರೆ? ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಅಪ್ಪ, ಅವ್ವ ಇಬ್ಬರೂ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದರು. ನಮ್ಮ ಊರಿನ ಅರ್ಧ ಜನ ಅದೇ ಲಾರಿಯಲ್ಲಿದ್ದರು ಎಂದು ನನ್ನ ನೆನಪು. ಅರ್ಧ ಇರಲಿಕ್ಕಿಲ್ಲ, ಆದರೆ ಲಾರಿ ತುಂಬಿತ್ತು. ಪರೀಕ್ಷೆ ಇದ್ದದ್ದರಿಂದ ನಾನು ಖಾಲಾಳ ವಶದಲ್ಲಿ ಉಳಿದೆ.

ಆಕೆ ಮೃದು ಹೆಂಗಸಲ್ಲ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಸಾಲಿ ಪೋರಿ" ಅನ್ನುವಳು, ಶಾಲೆಯ ಹುಡುಗಿ ಎಂಬರ್ಥದಲ್ಲಿ. ಅಂಗಳದಲ್ಲಿ ಕೂತು ಓದುತ್ತಿದ್ದರೆ, "ಪುಸ್ತಕ ಹಿಡ್ಕೊಂಡ ಕೈಲೆ ಅಷ್ಟ ಆ ಸೀರಿ ಸೆರಗು ಹಿಡಿ, ವಿದ್ಯಾ ಏನ್ ಉದುರಿ ಹೋಗಂಗಿಲ್ಲ" ಎಂದು ಒದ್ದೆ ಸೀರೆಯ ಒಂದು ತುದಿ ಕೊಡುವಳು. ನಾವಿಬ್ಬರೂ ಎರಡು ಕಡೆ ನಿಂತು ಹಿಂಡುತ್ತಿದ್ದೆವು. ಕೊನೆಯ ಸಲ ಜಾಲಿಸಿದ ನೀರನ್ನೂ ಆಕೆ ಚೆಲ್ಲುತ್ತಿರಲಿಲ್ಲ. ಆ ಬೇಸಿಗೆ ನಮ್ಮ ಅಂಗಳದ ಫರಸಿಕಲ್ಲುಗಳನ್ನು ಒಂದು ದಿನ ಗುಲಾಬಿ, ಒಂದು ದಿನ ಹಸಿರು ನೀರಿನಲ್ಲಿ ತೊಳೆದೆವು. ಮುಂದೆ ಅಷ್ಟು ನೀರೂ ಸಿಗದೆ ಆಕೆ ಬಣ್ಣದ ಪಾತ್ರೆಗಳನ್ನು ಬೋರಲು ಹಾಕಿ ಊರಂಚಿನ ಕೊಳಾರದ ಒಂದು ಗೋದಾಮಿಗೆ ಚೀಲದ ಬಾಯಿ ಹೊಲಿಯಲು ಹೋಗತೊಡಗಿದಳು.

ಆ ವರ್ಷವೇ ಬೀದರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಆನರ್ಸ್ ತರಗತಿ ಹೊಸದಾಗಿ ಶುರುವಾಯಿತು. ಸಾದಾ ಬಿ.ಎ. ಮೂರು ವರ್ಷ, ಇದು ನಾಲ್ಕು. ಸೀಟುಗಳು ಕೆಲವೇ. ಮೊದಲು ಬರವಣಿಗೆಯ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಸಂದರ್ಶನ. ಸಂದರ್ಶನಕ್ಕೆ ತಂದೆತಾಯಿಯೋ ಹತ್ತಿರದ ಸಂಬಂಧಿಯೋ ಜೊತೆಯಲ್ಲಿ ಬರಬೇಕು. ನಾನು ಬರವಣಿಗೆಯ ಪರೀಕ್ಷೆ ಪಾಸಾದೆ. ಖಾಲಾಗೆ ಹೇಳಿದಾಗ ಆಕೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಆನರ್ಸ್ ಅಂದ್ರ ಏನ?"

"ಆನರ್ ಅಂದ್ರ ಮರ್ಯಾದಿ ಖಾಲಾ. ಇಜ್ಜತ್."

"ಇಜ್ಜತ್ತಿನ ಡಿಗ್ರಿ?" ಆಕೆ ಸುಣ್ಣದ ಬೆರಳನ್ನು ಎತ್ತಿಹಿಡಿದು ನನ್ನನ್ನೇ ನೋಡಿದಳು. "ಹಂಗಾದ್ರ ಸಾದಾ ಬಿ.ಎ. ಓದಿದವ್ರೆಲ್ಲ ಬೇಇಜ್ಜತ್ ಮಂದಿ ಏನು?"

ಅಂದಿನಿಂದ ಅದಕ್ಕೆ ಅದೇ ಹೆಸರು. ನಾಲ್ಕನೆಯ ವರ್ಷದ ಕೊನೆಗೆ ಏನು ಸಿಗುತ್ತದೆ ಎಂದು ಕೇಳಿದಳು. ಡಿಗ್ರಿ ಎಂದೆ. ಮೂರು ವರ್ಷದವರಿಗೆ? ಅವರಿಗೂ ಡಿಗ್ರಿ ಎಂದೆ.

"ಮತ್ತ ನಾಲ್ಕನೇದು ಯಾತಕ್ಕ? ದುಪಟ್ಟಾ ಮೂರು ಸಲ ಅದ್ದಿದ್ರ ಬಣ್ಣ ಕೂಡ್ತದ. ನಾಲ್ಕನೇ ಸಲ ಅದ್ದೋದು ನೀರಿಗಿ ದಂಡ. ಈ ಬರಗಾಲದಾಗ ಯಾರ ಮಾಡ್ತಾರ ಅದನ್ನ?"

ನನಗೆ ಅದು ಬೇಕಿತ್ತು, ಅಷ್ಟೇ. ಯಾಕೆ ಬೇಕಿತ್ತೆಂದು ಈಗ ಹೇಳಹೊರಟರೆ ಈಗಿನ ಬುದ್ಧಿಯಿಂದ ಹೇಳಿದಂತಾಗುತ್ತದೆ. ಕೆಲವರಿಗೇ ಸಿಗುವುದು ನನಗೂ ಸಿಗಲಿ ಎಂಬ ಆಸೆಯೂ ಅದರಲ್ಲಿ ಇದ್ದಿರಬೇಕು.

ಗೌಂಡಿಗಳಿಗೆ ಅಮಾವಾಸ್ಯೆ ರಜೆ. ಪ್ರತಿ ಅಮಾವಾಸ್ಯೆಗೆ ಹೈದರಾಬಾದಿನಿಂದ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನ್ ಬರುತ್ತಿತ್ತು. ಆ ಸಲ ಮೊದಲು ಮಾತಾಡಿದ್ದು ಅವ್ವ. ಪಾಸಾದದ್ದು, ಸಂದರ್ಶನದ ತಾರೀಖು, ಯಾರಾದರೂ ಜೊತೆ ಬರಬೇಕಾದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವ್ವ ಹೂಂ ಎಂದೂ ಅನ್ನಲಿಲ್ಲ, ಫೋನನ್ನು ಅಪ್ಪನ ಕೈಗೆ ಕೊಟ್ಟಳು. ನಾನು ಮತ್ತೆ ಮೊದಲಿನಿಂದ ಹೇಳಿದೆ.

"ಬ್ಯಾಡವ್ವ," ಅಂದ ಅಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಸ್ಲ್ಯಾಬ್ ಹಾಕೋದು ಅದ, ನಾ ಬರ್ಲಿಕ್ಕ ಆಗಂಗಿಲ್ಲ. ನಾಲ್ಕು ವರ್ಷ ಒಬ್ಬಾಕಿನೇ ಬೀದರದಾಗ ಹ್ಯಾಂಗ ಇರ್ತಿ? ಭಾಲ್ಕಿದಾಗ ಅತ್ತಿ ಮನಿ ಅದ. ಅಲ್ಲಿ ಸಾದಾ ಬಿ.ಎ. ಸೇರು. ಮೂರು ವರ್ಷ ಸಾಕು."

ಮುಂದಿನ ಅಮಾವಾಸ್ಯೆ ಬರುವಷ್ಟರಲ್ಲಿ ಸಂದರ್ಶನ ಮುಗಿದುಹೋಗುತ್ತಿತ್ತು. ಅಂದರೆ ಅದೇ ಕೊನೆಯ ಮಾತು. ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಭಾಲ್ಕಿಗೆ ಒಯ್ಯಲು ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿದೆ.

ಆಮೇಲೆ ಒಂದು ಬೆಳಿಗ್ಗೆ ಖಾಲಾ ಬಾಗಿಲು ಬಡಿದಳು. ಬುರ್ಖಾ ಹಾಕಿಕೊಂಡು, ಕೆಲಸಕ್ಕೆ ಹೋಗದೆ, ಈದಿಗೆ ಮಾತ್ರ ತೆಗೆಯುವ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಳು.

"ಏ ಪೋರಿ, ತಲಿ ಬಾಚ್ಕೋ. ಇಜ್ಜತ್ ತರ್ಲಿಕ್ಕ ಹೋಗೋದು, ಹಿಂಗ ಕೆದರಿಕೊಂಡು ಬರ್ತಿ ಏನು?"

"ಅಪ್ಪ ಬ್ಯಾಡ ಅಂದಾನ ಖಾಲಾ."

"ನಿಮ್ಮಪ್ಪ ಹೈದರಾಬಾದ್ದಾಗ ಇದ್ದಾನ. ನೀ ಬೀದರದಾಗ ಇದ್ದಿ. ನಡಿ."

"ನಿನಗೂ ಇದು ದಂಡ ಅಂತನೇ ಅನಸ್ತದಲ್ಲ?"

"ದಂಡೇ. ಅದಕ್ಕೇನು?" ಆಕೆ ನನ್ನ ಕೈಯಿಂದ ಬಾಚಣಿಗೆ ಕಸಿದುಕೊಂಡು ತಾನೇ ಬಾಚತೊಡಗಿದಳು. "ಕೈಗಿ ಬಂದದ್ದನ್ನ ಬ್ಯಾಡ ಅನ್ನೋದು ಬ್ಯಾರಿ, ಕೈಗಿ ಬರೋಕಿಂತ ಮೊದ್ಲೇ ಬ್ಯಾಡ ಅನ್ನೋದು ಬ್ಯಾರಿ. ಮೊದ್ಲು ಸಿಗ್ತದೋ ಇಲ್ಲೋ ನೋಡು."

ಕಾಲೇಜಿನ ಆ ಕೋಣೆಯಲ್ಲಿ ಇಬ್ಬರು ಸರ್ ಕೂತಿದ್ದರು. ಹಿರಿಯರು ಕೇಳಿದರು, "ಇವ್ರು ಯಾರು?" ನಾನು "ಖಾಲಾ" ಎಂದೆ. ಅವರು ಕಾಗದದ ಮೇಲಿನ ನನ್ನ ಹೆಸರು ನೋಡಿದರು, ಬುರ್ಖಾ ನೋಡಿದರು, ಮತ್ತೆ ಹೆಸರು ನೋಡಿದರು.

"ಓಣಿ ಖಾಲಾನೋ, ಸಂಬಂಧದ ಖಾಲಾನೋ?"

ಖಾಲಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಸಾಹೇಬ್ರ, ನಿಮಗ ಉರ್ದು ಬರ್ತದಲ್ರಿ? ಖಾಲಾ ಅಂದ್ರ ಏನ್ರಿ?"

"ಅವ್ವನ ತಂಗಿ. ಇಲ್ಲಂದ್ರ ಅಕ್ಕ."

"ಮತ್ತ? ಪೋರಿ ಖಾಲಾ ಅಂತದ, ನಾ ಓ ಅಂತೇನಿ. ಇನ್ನೇನ್ ಕೇಳ್ತೀರಿ?"

ಕಿರಿಯ ಸರ್ ಮುಖ ಆಚೆ ತಿರುಗಿಸಿ ನಕ್ಕರು. ಹಿರಿಯರು ನಗದೆ, "ಆಯ್ತು, ಕೂಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಆನರ್ಸ್ ಯಾಕೆ ಬೇಕು ಎಂದು ಕೇಳಿದರು. ಕನ್ನಡಿಯ ಮುಂದೆ ಕಲಿತ ಉತ್ತರವೆಲ್ಲ ಹಾರಿಹೋಯಿತು. "ಗೊತ್ತಿಲ್ರಿ ಸರ್" ಎಂದುಬಿಟ್ಟೆ.

"ನನಗೂ ತಿಳಿವಲ್ದು," ಅಂದಳು ಖಾಲಾ. "ನೀವರೆ ಹೇಳ್ರಿ ಸಾಹೇಬ್ರ. ಆ ನಾಲ್ಕನೇ ವರ್ಷದ್ದು ಏನ್ ಫಾಯ್ದಾ?"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ನಿಜವಾಗಿ ಯೋಚಿಸಿ ಉತ್ತರಿಸಿದರು. "ನೌಕರಿಗಿ ಫಾಯ್ದಾ ಏನೂ ಇಲ್ರಿ. ಮೂರು ವರ್ಷದವ್ರಿಗೂ ಅದೇ ನೌಕರಿ. ಮೂರು ವರ್ಷ ಹುಡುಗ್ರು ನಾವು ಹೇಳಿದ್ದು ಬರ್ಕೋತಾರ. ನಾಲ್ಕನೇ ವರ್ಷ ಅವ್ರು ನಮ್ಮನ್ನ ಕೇಳಬೇಕು, ಸರ್, ಇದು ನಿಮಗ ಹ್ಯಾಂಗ ಗೊತ್ತು ಅಂತ."

"ಕೇಳಿದ್ರ ನಿಮಗ ಸಿಟ್ಟು ಬರಂಗಿಲ್ಲೇನ್ರಿ?"

"ಬರ್ತದ," ಎಂದರು ಅವರು.

ಹೊರಗೆ ಬಂದ ಮೇಲೆ ಖಾಲಾ ಅಂದಳು, "ಆ ಸಾಹೇಬ ಖರೇ ಮನುಷ್ಯ. ತನ್ನ ಮಾಲಿನಾಗ ಫಾಯ್ದಾ ಇಲ್ಲ ಅಂತ ತಾನೇ ಹೇಳ್ದ." ಸೀಟು ಸಿಕ್ಕಿತು. ಮುಂದಿನ ಅಮಾವಾಸ್ಯೆಯ ಫೋನಿಗೆ ಹೆದರುತ್ತಲೇ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಅಪ್ಪ, "ಸೇರೀ ಅಂತಲ್ಲ. ಖಾಲಾನ ಮಾತು ಕೇಳ್ಕೊಂಡು ಇರು" ಎಂದ. ಅಷ್ಟೇ.

ಓದಿದ್ದು ಸಾರ್ಥಕವಾಯಿತೇ? ಈಗ ಭಾಲ್ಕಿಯಲ್ಲಿ ಪಾಠ ಹೇಳುತ್ತೇನೆ. ಪಕ್ಕದ ಮೇಜಿನವರು ಮೂರು ವರ್ಷದ ಬಿ.ಎ. ಓದಿದವರು. ನಮ್ಮಿಬ್ಬರ ಸಂಬಳ ಒಂದೇ, ಅವರು ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ. ನಾಲ್ಕನೆಯ ವರ್ಷ ನಾನು ಬೀದರಿನ ಹಳೆಯ ಬಾವಿಗಳ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. ಖಾಲಾ ಅದನ್ನು ಅಂಗೈಯಲ್ಲಿಟ್ಟು ತೂಗಿ, "ಒಂದು ವರ್ಷಕ್ಕ ಇಷ್ಟೇ ಏನು?" ಅಂದಿದ್ದಳು. ವಿದ್ಯಾರ್ಥಿಗಳು ಬಂದು ಆನರ್ಸ್ ಸೇರಬೇಕೇ ಎಂದು ಕೇಳಿದರೆ ನನಗೆ ಹೌದು ಎನ್ನಲೂ ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ. ಆ ಸರ್ ಹೇಳಿದ ಒಂದು ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದಿದೆ. ಯಾರು ಏನು ಹೇಳಿದರೂ, ನಾನೇ ನನಗೆ ಹೇಳಿಕೊಂಡರೂ, ಇದು ಹೇಗೆ ಗೊತ್ತು ಎಂದು ಒಳಗೆ ಒಂದು ದನಿ ಕೇಳುತ್ತದೆ. ಅದರಿಂದ ಸುಖವಿಲ್ಲ. ಆದರೆ ಅದಿಲ್ಲದೆ ನಾನು ನಾನಾಗಿರುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಖಾಲಾಗೆ ನಾನು ಋಣಿಯಾಗಿರುವುದು ಇನ್ನೂ ಬೇರೆ ಕಾರಣಕ್ಕೆ. ನನ್ನ ಆಸೆಯಲ್ಲಿ ನಂಬಿಕೆ ಇದ್ದವರು ಆಮೇಲೆ ಹಲವರು ಸಿಕ್ಕಿದರು. ನಂಬಿಕೆ ಇಲ್ಲದೆಯೂ ತನ್ನ ಒಂದು ದಿನದ ಕೆಲಸ ಬಿಟ್ಟು ಜೊತೆಗೆ ಬಂದದ್ದು ಆಕೆಯೊಬ್ಬಳೇ.

ಮಳೆ ಮರಳಿತು, ಗಿರಾಕಿಗಳು ಮರಳಲಿಲ್ಲ. ಖಾಲಾ ಮನೆ ಮಾರಿ ಮಗಳ ಊರಿಗೆ ಹೋದಳು. ಮೊದಮೊದಲು ಹೋಗಿ ಕಾಣುತ್ತಿದ್ದೆ, ಆಮೇಲೆ ಕಡಿಮೆಯಾಯಿತು... ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಮಣ್ಣು ಮುಗಿದು ಬಹಳ ದಿನಗಳಾಗಿದ್ದವು. ಆ ಅಂಗಳವಿದ್ದ ಕಡೆ ಈಗ ಶಟರ್ ಹಾಕಿದ ಮಳಿಗೆಗಳಿವೆ.

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ "ಖಾಲಾಗೆ ತಾರೀಖು ಹೇಳಿದ್ದೆ, ಬಂದಳು" ಎನ್ನುತ್ತಿದ್ದೆ. ಡೈರಿಯಲ್ಲಿ ಬರೆಯಲು ಕೂತಾಗ ಮಾತ್ರ ಕೈ ನಿಂತಿತು. ಆಕೆಗೆ ಹೇಗೆ ಗೊತ್ತು? ಪಾಸಾದದ್ದು ಹೇಳಿದ್ದೆ, ನಿಜ. ತಾರೀಖು ತಿಳಿದದ್ದು ಆಮೇಲೆ. ಫೋನ್ ಬಂದಾಗ ಆಕೆ ಕೊಳಾರದಲ್ಲಿದ್ದಳು. ಅಪ್ಪ ಬೇಡ ಎಂದ ಮೇಲೆ ನಾನು ಯಾರೊಡನೆಯೂ ಆ ಮಾತೆತ್ತಲಿಲ್ಲ. ಎಷ್ಟು ಯೋಚಿಸಿದರೂ, ತಾರೀಖನ್ನು ನಾನು ಹೇಳಿದ್ದು ಹೈದರಾಬಾದಿಗೆ, ಫೋನಿನಲ್ಲಿ. ಹೂಂ ಎಂದೂ ಅನ್ನದ ಅವ್ವನಿಗೆ, ಆಮೇಲೆ ಬೇಡ ಎಂದ ಅಪ್ಪನಿಗೆ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಅಪ್ಪನ ಮಾತಿಗೆ ಆಕೆ ಎದುರು ಮಾತಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಮೊನ್ನೆ ಅವ್ವ ಪುಂಡಿಪಲ್ಯದ ಎಲೆ ಬಿಡಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ, ಸಂದರ್ಶನದ ದಿನ ಖಾಲಾಗೆ ಹೇಗೆ ತಿಳಿಯಿತು ಎಂದು. ಅವ್ವನ ಕೈ ನಿಂತಿತು. ತಲೆಯೆತ್ತಿ ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆಗೊಮ್ಮೆ ನೋಡಿ, ಮತ್ತೆ ಎಲೆ ಬಿಡಿಸತೊಡಗಿದಳು. ನಾನು ದನಿ ತಗ್ಗಿಸಿ ಇನ್ನೊಮ್ಮೆ ಕೇಳಿದೆ:

"ಖಾಲಾಗ ನೀನೇ ಹೇಳಿ ಕಳಿಸಿದ್ದೇನವ್ವಾ?"