ಪಂಕ್ತಿ ಏಳಗೊಡದ ಮಂಡಿ

ನನ್ನ ಬಲಮಂಡಿ ಮೊದಲ ಸಲ ಸದ್ದು ಮಾಡಿದ್ದು ಸಾಗರದ ಬಾಡಿಗೆ ಮನೆಯಲ್ಲಿ, ಬಚ್ಚಲೊಲೆಯ ಬೆಂಕಿ ಊದಿ ಏಳುವಾಗ. ಒಣಕಡ್ಡಿ ಮುರಿದಂಥ ಸದ್ದು. ಕಡ್ಡಿಯೇ ಇರಬೇಕೆಂದು ಒಲೆಯ ಮುಂದೆಲ್ಲ ಹುಡುಕಿದೆ, ಸಿಗಲಿಲ್ಲ. ಆ ದಿನ ಹೈಸ್ಕೂಲಿನಲ್ಲಿ ಏನು ಪಾಠ ಮಾಡಿದೆನೋ ತಿಳಿಯದು. ಅಪ್ಪಯ್ಯನ ಕಾಲುಗಳೇ ಕಣ್ಣ ಮುಂದೆ ಇದ್ದವು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಕೊನೆಯ ವರ್ಷಗಳನ್ನು ಜಗಲಿಯ ಮೇಲೆ ಕಳೆದರು. ಮಡಚಿದ ಮಂಡಿ ಬಿಡಿಸಲು ಬರುತ್ತಿರಲಿಲ್ಲ. ಗದ್ದೆಯ ಅಂಚಿನ ಮೇಲೆ ನಮಗಿಂತ ಜೋರಾಗಿ ನಡೆಯುತ್ತಿದ್ದ ಮನುಷ್ಯನನ್ನು ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ಬಿಸಿಲಿಗೆ ಕೂರಿಸಬೇಕು, ಬಿಸಿಲು ಸರಿದಂತೆ ಅವರನ್ನೂ ಸರಿಸಬೇಕು. "ಇದು ನಮ್ ಮನೆ ವಾತ ಕಣೋ. ನಮ್ಮಪ್ಪಂಗೂ ಇತ್ತು" ಎಂದು ಒಮ್ಮೆ ಹೇಳಿದರು. ಹೇಳುವಾಗ ಮನೆಯಲ್ಲಿ ಅಷ್ಟು ಜನರಿದ್ದರೂ ನನ್ನ ಕಾಲನ್ನೇ ಯಾಕೆ ನೋಡಿದರೋ.

ನಾನು ಮೊದಲೇ ಹೆದರುಪುಕ್ಕಲ. ಬಸ್ಸು ತಪ್ಪೀತೆಂದು ಹಿಂದಿನ ಬಸ್ಸಿನ ಹೊತ್ತಿಗೇ ಹೋಗಿ ನಿಲ್ಲುವವನು, ಆ ಬಸ್ಸು ಬಂದರೆ ಅದರಲ್ಲಿ ಜಾಗ ಸಿಗಲಾರದೆಂದು ಹತ್ತದೆ ಇರುವವನು. ಅಂಥವನಿಗೆ ಮಂಡಿಯ ಸದ್ದು ಸಿಕ್ಕಿದರೆ ಕೇಳಬೇಕೆ? ಶಾಲೆಯಲ್ಲಿ ಒಬ್ಬೊಬ್ಬ ಮೇಷ್ಟ್ರೂ ಒಂದೊಂದು ಪಥ್ಯ ಹೇಳಿದರು. ಆಲೂಗಡ್ಡೆ ವಾಯು, ಕಳಲೆ ವಾಯು, ಹಲಸಿನ ಬೀಜವಂತೂ ಕೇಳಲೇಬೇಡಿ. ಮಜ್ಜಿಗೆ ಕೀಲಿನಲ್ಲಿ ಶೀತ ಕೂರಿಸುತ್ತದೆ ಎಂದರು ಪಕ್ಕದ ಮನೆಯವರು. ಬಿಡಲು ಹೇಳಿದ್ದನ್ನೆಲ್ಲ ಬಿಟ್ಟೆ. ತಿನ್ನಲು ಹೇಳಿದ್ದನ್ನೂ ಅನುಮಾನದಿಂದ ಬಿಟ್ಟೆ. ಕೊನೆಗೆ ಅನ್ನ, ತಿಳಿಸಾರು ಉಳಿದವು. ಹೆದರಿಕೆಗೆ ಹಸಿವೆ ಜಾಸ್ತಿ, ಅನ್ನದ ಗುಡ್ಡೆ ದಿನದಿನಕ್ಕೆ ಬೆಳೆಯಿತು.

ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಅವರು ಹೌದು ಎಂದುಬಿಟ್ಟರೆ?

ಬದಲಿಗೆ ನನ್ನದೇ ಒಂದು ಚಿಕಿತ್ಸೆ ಕಂಡುಹಿಡಿದೆ. ಚಪ್ಪಲಿಯ ಅಟ್ಟೆ ಹೇಗೆ ಸವೆಯುತ್ತದೋ ಮಂಡಿಯೂ ಹಾಗೇ, ಬಳಸಿದಷ್ಟೂ ಬೇಗ ಮುಗಿಯುತ್ತದೆ, ಆದ್ದರಿಂದ ಬಳಸಕೂಡದು. ಶಾಲೆಗೆ ನಡೆಯುವುದನ್ನು ಬಿಟ್ಟು ಬಸ್ಸು ಕಾಯತೊಡಗಿದೆ. ನಡೆದು ಹೋಗುವ ಹುಡುಗರು "ನಮಸ್ಕಾರ ಸಾರ್" ಎಂದು ನನ್ನನ್ನು ದಾಟಿ ಹೋಗುತ್ತಿದ್ದರು. ನನ್ನ ಬಸ್ಸು ಮುಟ್ಟುವಷ್ಟರಲ್ಲಿ ಅವರ ಪ್ರಾರ್ಥನೆ ಮುಗಿದಿರುತ್ತಿತ್ತು. ಬಾವಿಯ ನೀರು ಸೇದುವುದನ್ನು ಬಿಟ್ಟೆ. ನೆಲಕ್ಕೆ ಕೂರುವುದನ್ನು ಬಿಟ್ಟೆ. ಊಟಕ್ಕೆ ಕುರ್ಚಿ, ಮೇಜು ತರಿಸಿದೆ.

"ನೀವು ಮೇಲೆ, ನಾವೆಲ್ಲ ಕೆಳಗೆ. ಎಂಥದು, ದೇವಸ್ಥಾನನಾ ಇದು?" ಎಂದಳು ನನ್ನ ಹೆಂಡತಿ. "ನೈವೇದ್ಯ ಮಾಡಿ ಗಂಟೆ ಬೇರೆ ಹೊಡಿಬೇಕಾ?"

ಇಷ್ಟೆಲ್ಲ ಜೋಪಾನ ಮಾಡಿದರೂ ಮಂಡಿ ಬಿಗಿಯುತ್ತಲೇ ಹೋಯಿತು. ಮಳೆಗಾಲ ಕಳೆಯುವಷ್ಟರಲ್ಲಿ ನೆಲದ ಮೇಲೆ ಬಿದ್ದ ಸೀಮೆಸುಣ್ಣ ಎತ್ತಿಕೊಳ್ಳಲೂ ಹುಡುಗರನ್ನು ಕರೆಯುವಂತಾಯಿತು. ವಾತ ನನ್ನ ಬೇಲಿಗಳನ್ನೆಲ್ಲ ಹಾರಿ ಬರುತ್ತಿದೆ ಎಂದುಕೊಂಡೆ. ಬೆಳಗಾದರೆ ಮಂಚದಿಂದ ಕಾಲು ಇಳಿಸಲು ಭಯ. ಇವತ್ತು ನಿಲ್ಲದೇ ಹೋದರೆ?

ಅದೇ ಹೊತ್ತಿಗೆ ತಮ್ಮನಿಗೆ ಹೆಣ್ಣು ಗೊತ್ತಾಯಿತು. ಅವನು ಕಾರ್ಗಲ್ಲಿನಲ್ಲಿ ವಿದ್ಯುತ್ ಯೋಜನೆಯ ಕೆಲಸದಲ್ಲಿದ್ದ. ಹುಡುಗಿ ಹೊಸನಗರದ ಹತ್ತಿರದವಳು. ಮಾತುಕತೆಯ ದಿನ ಅವಳ ತಂದೆ ಸಂಕೋಚದಿಂದಲೇ, "ಮನೆತನದಲ್ಲಿ ಕಾಯಿಲೆ ಕಸಾಲೆ ಎಂಥದೂ ಇಲ್ಲ ಅಲ್ದಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಸೋದರತ್ತೆ, "ನಮ್ಮೋರಾ? ಕಲ್ಲುಗುಂಡು!" ಎಂದುಬಿಟ್ಟರು. ಅಂದಿನಿಂದ ನನ್ನ ಹೆದರಿಕೆ ಎರಡಾಯಿತು. ಮಂಡಿ ಕೈಕೊಡುವುದು ಒಂದು, ಅದನ್ನು ಬೀಗರು ಕಾಣುವುದು ಇನ್ನೊಂದು.

ಧಾರೆಯ ದಿನ ನಿಂತೇ ಕಳೆದೆ. ಮರುದಿನ ಹುಡುಗಿಯ ಮನೆಯ ಚಪ್ಪರದಲ್ಲಿ ಬೀಗರ ಊಟ. ಅಪ್ಪಯ್ಯ ಇಲ್ಲದ ಮನೆಗೆ ನಾನೇ ಯಜಮಾನ, ಆದ್ದರಿಂದ ಪಂಕ್ತಿಯ ಮೊದಲ ಎಲೆ ನನ್ನದು. ಚಾಪೆಯ ಮೇಲೆ ಕೂರಬೇಕು. ಕೂತೆ ಎನ್ನುವುದಕ್ಕಿಂತ ಬಿದ್ದೆ ಎಂದರೆ ಸರಿ. ಕಡುಬು, ಕೋಳಿಸಾರು ಬಂದವು. ರುಚಿ ತಿಳಿಯಲಿಲ್ಲ. ಏಳುವುದು ಹೇಗೆ ಎಂಬುದೊಂದೇ ಯೋಚನೆ.

ನಮ್ಮ ಕಡೆ ಮೊದಲ ಎಲೆಯವರು ಏಳದೆ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಎಲ್ಲರ ಊಟ ಮುಗಿಯಿತು. ನಾನು ಎಡಗೈ ಊರಿ ಒಮ್ಮೆ ಪ್ರಯತ್ನಿಸಿದೆ. ಸೊಂಟದ ಕೆಳಗೆ ನನ್ನದೆನ್ನುವುದು ಏನೂ ಇರಲಿಲ್ಲ. ಹೊತ್ತು ಕಳೆಯಲು ಮಜ್ಜಿಗೆ ಕೇಳಿದೆ. ತಿಂಗಳುಗಟ್ಟಲೆ ಬಿಟ್ಟಿದ್ದ ಮಜ್ಜಿಗೆ! ಕುಡಿದು ಮತ್ತೆ ಕೇಳಿದೆ. ಬಡಿಸುವವನು ಮೂರನೆಯ ಸಲ ನನ್ನ ಮುಖ ನೋಡಿದ. ಪಂಕ್ತಿಯಲ್ಲಿ ಮಾತು ನಿಂತಿತು. ಎಲ್ಲರ ಕೈಯೂ ಒಣಗುತ್ತಿತ್ತು.

ಗಂಡಿನ ಕಡೆಯ ಹಿರಿಯ ಊಟ ಮುಗಿಸಿಯೂ ಎಲೆಯ ಮುಂದೆ ಕೂತಿದ್ದಾನೆಂದರೆ ಅದಕ್ಕೆ ಅರ್ಥ ಒಂದೇ. ಮುನಿಸು. ಹುಡುಗಿಯ ತಂದೆ ಓಡಿ ಬಂದರು.

"ಬೀಗರೇ, ಎಂಥದಾದ್ರೂ ಕಮ್ಮಿ ಆತಾ?"

"ಏನಿಲ್ಲ, ಏನಿಲ್ಲ."

"ಮತ್ತೆ?"

ನಾನು ಎಲೆ ನೋಡಿದೆ. ಅವರ ಕಡೆಯವರು ಒಬ್ಬರನ್ನೊಬ್ಬರು ಬೈಯತೊಡಗಿದರು. ನಿನ್ನೆ ಕಾಲಿಗೆ ನೀರು ಕೊಡುವುದು ತಡವಾಯಿತಂತೆ. ಇಲ್ಲ, ಎಲೆಅಡಿಕೆ ತಟ್ಟೆ ಮೊದಲು ಬೇರೆಯವರಿಗೆ ಹೋಯಿತಂತೆ. ಹುಡುಗಿಯ ತಂದೆ ಎಲ್ಲರ ಎದುರು ನನಗೆ ಕೈಮುಗಿದರು. "ತಪ್ಪಾಗಿದ್ರೆ ಹೊಟ್ಟೇಲಿ ಹಾಕ್ಕಳಿ. ಹುಡುಗಿ ಮುಖ ನೋಡಿ ಏಳಿ." ಹುಡುಗಿ ಒಳಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಪಕ್ಕದ ಎಲೆಯಿಂದ ತಮ್ಮ ಹಲ್ಲುಕಚ್ಚಿ, "ಅಣ್ಣಯ್ಯ, ನಿಂಗೆಂಥ ಬಂತು? ಎಲ್ರ ಎದುರು ಮಾನ ತೆಗಿತಿದೀಯಲ್ಲ!" ಎಂದ.

"ಮುನಿಸಲ್ಲ ಮಾರಾಯ್ರೆ" ಎಂದೆ. ಸ್ವರ ನನಗೇ ಕೇಳಿಸಲಿಲ್ಲ. "ಮಂಡಿ. ಏಳಕ್ಕೆ ಬರ್ತಿಲ್ಲ."

"ಎಂಥದು?"

"ಮಂಡಿ!"

ಮೊದಲು ಹುಡುಗಿಯ ಅಜ್ಜಿ ನಕ್ಕಳು. "ಇಷ್ಟೇನಾ! ಎತ್ರೋ ಅವ್ರನ್ನ. ಪಾಪ, ಮಜ್ಜಿಗೆ ಕುಡ್ದು ಕುಡ್ದು ಹೊಟ್ಟೆ ಒಡ್ದೋದಾತು!" ಚಪ್ಪರವೇ ನಕ್ಕಿತು. ಇಬ್ಬರು ಬಂದು ನನ್ನ ಕಂಕುಳಿಗೆ ಕೈಹಾಕಿದರು. ನಾನೂ ಹಲ್ಲು ಬಿಟ್ಟೆ. ನೆಲದಿಂದ ಮೇಲೇಳುತ್ತಿದ್ದವನು ನಾನೋ ಅಪ್ಪಯ್ಯನೋ ನನಗೆ ಗೊತ್ತಾಗಲಿಲ್ಲ.

ಹುಡುಗಿಯ ತಂದೆ ಮಾತ್ರ ನಗಲಿಲ್ಲ. ಕೈ ತೊಳೆದ ಮೇಲೆ ನನ್ನನ್ನು ಹಿತ್ತಲ ಕಡೆ ಕರೆದು, "ಇದು ನಿಮ್ಗೊಬ್ರಿಗಾ, ಮನೆತನಕ್ಕಾ?" ಎಂದು ಕೇಳಿದರು. ಅಪ್ಪಯ್ಯನದನ್ನು ಹೇಳಿದೆ. ಅಜ್ಜನದನ್ನೂ ಹೇಳಿದೆ. ಅವರು, "ನಾಳೆ ಡಾಕ್ಟ್ರ ಹತ್ರ ಹೋಗನ. ನಾನೂ ಬರ್ತೀನಿ. ನನ್ ಮಗಳು ಈಗ ನಿಮ್ಮನೆಯೋಳು. ನಂಗೂ ಗೊತ್ತಾಗ್ಬೇಕು" ಎಂದರು.

ಹೊಸನಗರಕ್ಕೆ ಎತ್ತಿನ ಗಾಡಿಯಲ್ಲಿ ಹೋದೆವು. ಡಾಕ್ಟರು ಮಂಡಿ ಮಡಚಿದರು, ಬಿಡಿಸಿದರು, ತೊಡೆ ಹಿಸುಕಿದರು. ಊತ ಬಂದಿತ್ತೇ, ಬಿಸಿಯಾಗುತ್ತದೆಯೇ, ಜ್ವರ ಬರುತ್ತದೆಯೇ? ಎಲ್ಲಕ್ಕೂ ಇಲ್ಲ ಎಂದೆ. ದಿನಕ್ಕೆ ಎಷ್ಟು ನಡೆಯುತ್ತೀರಿ ಎಂದಾಗ ನನ್ನ ಚಪ್ಪಲಿ ಅಟ್ಟೆಯ ಸಿದ್ಧಾಂತವನ್ನು ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಮೇಷ್ಟ್ರೇ, ನಿಮ್ಮ ತಂದೆಯವರ ಕಾಯಿಲೆ ಇದಲ್ಲ ಅಂತ ಕಾಣ್ತದೆ. ಇದನ್ನ ನೀವೇ ಸಾಕಿದೀರಿ. ತೊಡೆ ನೋಡಿ, ಕೆಲಸ ಇಲ್ದೆ ಸೊರಗಿದೆ. ಹೊಟ್ಟೆ ನೋಡಿ, ಬೆಳೆದಿದೆ. ಆ ಭಾರನೆಲ್ಲ ಮಂಡಿ ಒಂದೇ ಹೊರ್ಬೇಕು."

"ಹಾಗಾದ್ರೆ ಮುಂದೆ ಬರಲ್ಲ ಅಲ್ವಾ? ಖಂಡಿತವಾಗಿ?"

"ಖಂಡಿತ ಅನ್ನೋ ಔಷಧಿ ನನ್ ಹತ್ರ ಇಲ್ಲ. ನಡೀರಿ."

ಅವರು ಹೇಳಿದ್ದನ್ನು ಇಂದಿಗೂ ಬಿಟ್ಟಿಲ್ಲ. ಬೆಳಗ್ಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡುತ್ತೇನೆ. ಕೂತಲ್ಲೇ ಕಾಲು ಚಾಚಿ ಹಿಡಿಯುತ್ತೇನೆ. ಶಾಲೆಗೆ ನಡೆಯುತ್ತೇನೆ, ಹುಡುಗರ ಹಿಂದೆ. ಅನ್ನದ ಗುಡ್ಡೆ ತಗ್ಗಿತು. ಹುರುಳಿ ಸಾರು, ನುಗ್ಗೆಸೊಪ್ಪು, ಮೀನು, ಮಜ್ಜಿಗೆ ಎಲೆಗೆ ಮರಳಿದವು. ಬಿಗಿದದ್ದು ಸಡಿಲಾಗಲು ಬಿಗಿಯಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆರೋಗ್ಯದ ಆಸೆಯಿಂದ ಇದನ್ನೆಲ್ಲ ಮಾಡುವವರು ಇರಬಹುದು, ನನ್ನದು ಬರೀ ಭಯದಿಂದ. ಮಂಡಿ ಆ ಬಗ್ಗೆ ವಿಚಾರಿಸುವುದಿಲ್ಲ.

ಅಂದು ಡಾಕ್ಟರ ಮನೆಯಿಂದ ಹೊರಗೆ ಬಂದಾಗ ಬೀಗರು ಗಾಡಿಯ ಪಕ್ಕದಲ್ಲಿ ನಿಂತಿದ್ದರು. ಡಾಕ್ಟರು ಅಂದದ್ದನ್ನೆಲ್ಲ ಹೇಳಿದೆ, "ಖಂಡಿತ" ಇಲ್ಲ ಎಂಬುದನ್ನೂ ಸೇರಿಸಿ. ಅವರು ಯೋಚಿಸಿ ಗಾಡಿ ಹೊಡೆಯುವವನಿಗೆ, "ನೀನು ಮುಂದೆ ಹೋಗಿರು, ಹೊಳೆ ದಾಟಿ ನಿಂತ್ಕ" ಎಂದರು. ಗಾಡಿ ಕಣ್ಮರೆಯಾಗುವವರೆಗೂ ನಾನು ಅದನ್ನೇ ನೋಡುತ್ತ ನಿಂತೆ. ಅವರು ನನ್ನ ತೋಳು ಹಿಡಿಯಲಿಲ್ಲ, ಹೆಜ್ಜೆ ಮಾತ್ರ ನಿಧಾನ ಮಾಡಿದರು. ಮಧ್ಯೆ ಎರಡು ಸಲ ಮರದ ಬುಡದಲ್ಲಿ ನಿಂತು, ದಣಿದವರು ತಾವೇ ಎಂಬಂತೆ ಎಲೆಅಡಿಕೆ ಹಾಕಿದರು. ಹೊಳೆ ದಾಟಿದೆವು. ಗಾಡಿ ನಿಂತಿತ್ತು. ಅವರು ನನ್ನ ಮುಖ ನೋಡಿದರು. ಮುಂದೆ ದಾರಿಯ ಏರು ಕಣ್ಣಿಗೆ ಕಾಣುತ್ತಿತ್ತು. ಆದರೂ ನಾನು ಗಾಡಿ ಹತ್ತದೆ ಅದನ್ನು ದಾಟಿ ಮುಂದೆ ನಡೆದೆ.

ಮನೆ ಮುಟ್ಟಿದಾಗ ಹುಡುಗಿ ಅಂಗಳದಲ್ಲೇ ನಿಂತಿದ್ದಳು. ಹೋಗುವಾಗಿನಿಂದ ನಿಂತೇ ಇದ್ದಳೋ ಏನೋ. ಹಿಂದೆ ಬರುತ್ತಿದ್ದ ಖಾಲಿ ಗಾಡಿಯನ್ನು ನೋಡಿದಳು, ನನ್ನ ಕಾಲಿನ ಧೂಳು ನೋಡಿದಳು, ಕೊನೆಗೆ ತಂದೆಯ ಮುಖ ನೋಡಿದಳು.

"ನಡ್ಕಂಡೇ ಬಂದ್ವಿ" ಎಂದರು ಅವರು. "ಇಬ್ರಿಗೂ ಕಾಲಿಗೆ ನೀರು ಕೊಡು."