ಅಯ್ಯಣ್ಣನ ಹೆಬ್ಬೆರಳು
ಕೆಂಭಾವಿಯ ಕ್ಷೌರಿಕ ಅಯ್ಯಣ್ಣನಿಗೆ ಊರವರ ಮುಖಕ್ಕಿಂತ ತಲೆಗಳದ್ದೇ ಹೆಚ್ಚು ಗುರುತು. ಕತ್ತರಿ ಹಿಡಿಯುವ ಮೊದಲು, ಸಂತೆಯಲ್ಲಿ ಕಲ್ಲಂಗಡಿ ಆರಿಸುವವನ ಹಾಗೆ, ಹತ್ತೂ ಬೆರಳಿನಿಂದ ತಲೆ ಸವರಿ, "ಇದು ಮಾಸ್ತರ್ ಆಗೋ ತಲಿ", "ಇದು ಮೆಂಬರ್ ತಲಿ, ಒಳಗ ಬರೇ ಗಾಳಿ" ಎಂದು ತೀರ್ಪು ಕೊಟ್ಟೇ ಕೊಡುತ್ತಾನೆ. ಅವಸರ ಮಾಡಿದವರಿಗೆ, "ತಲಿ ಇಟ್ಟು ಹೋಗ್ರಿ, ಸಂಜಿಗೆ ಬಂದು ಒಯ್ರಿ" ಎನ್ನುತ್ತಾನೆ. ಅಂಥವನ ಕೈ ದೇವಾಪುರದ ಕೂಸು ಮೌನೇಶ್ವರಿಯ ಜವಳದ ದಿನ ಗಕ್ಕನೆ ನಿಂತಿತು. ಅರ್ಧ ತಲೆ ಬೋಳಿಸಿದಾಗ, ಕಿವಿಯ ಹಿಂದೆ ಅವನ ಹೆಬ್ಬೆರಳಿಗೆ ಕಡಲೆಯಷ್ಟು ಗಟ್ಟಿ ಗಂಟು ಸಿಕ್ಕಿತ್ತು. "ತೊಟ್ಟಿಲದಾಗಿಂದ ಬಿದ್ದಿದ್ಳು ಕಾಕಾ, ಅದರ ಬಾವು" ಎಂದಳು ತಾಯಿ. "ಬಾವು ಇದ್ದಿದ್ರ ಒತ್ತಿದಾಗ ಕೂಸು ಅಳ್ತಿತ್ತು ಯವ್ವಾ. ಇದು ಎಲುಬಿನಾಗ ಅದ, ಕಲಬುರ್ಗಿಗೆ ಒಯ್ರಿ" ಎಂದು ಕತ್ತಿ ಕೆಳಗಿಟ್ಟ. ಅರ್ಧ ಜವಳ ಅಪಶಕುನವೆಂದು ಹಿರಿಯರು ಬೈದರೂ ಮತ್ತೆ ಕತ್ತಿ ಮುಟ್ಟಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರು, ಮಕ್ಕಳ ಬುರುಡೆಯಲ್ಲಿ ಅಪರೂಪಕ್ಕೆ ಏಳುವ ಗಡ್ಡೆ, ಕ್ಯಾನ್ಸರ್ ಅಲ್ಲ, ಬಿಟ್ಟರೆ ಮಾತ್ರ ಒಳಗೆ ಬೆಳೆದೀತು ಎಂದು ಆಪರೇಷನ್ ಮಾಡಿ ತೆಗೆದರು. ಈಗ ಮೌನೇಶ್ವರಿಗೆ ಎರಡು ಜಡೆ. ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ನುಗ್ಗಿ, "ನೋಡು ಮುತ್ಯಾ" ಎಂದು ತಲೆ ಬಗ್ಗಿಸುತ್ತಾಳೆ. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡ ಗಿರಾಕಿಯನ್ನು ಹಾಗೇ ಬಿಟ್ಟು ಅಯ್ಯಣ್ಣ ಅವಳ ಕಿವಿಯ ಹಿಂದೆ ಸವರುತ್ತಾನೆ. ಹೆಬ್ಬೆರಳಿಗೆ ಗಂಟು ಸಿಗುವುದಿಲ್ಲ; ಆದರೂ ಇನ್ನೊಮ್ಮೆ ಸವರಿ ನೋಡಿಯೇ ಗಿರಾಕಿಯ ಕಡೆ ತಿರುಗುತ್ತಾನೆ.